ನಿನ್ನೆ ತನಕ ಗಟ್ಟಿಯಿದ್ದ ಏಣಿ ಇವತ್ತು ಯಾಕೆ ಮುರಿಯುತ್ತೆ? ಲೋಹಕ್ಕೂ ಉಂಟು ದಣಿವು

ಬಣಕಲ್: ಮೆಣಸು ಕೊಯ್ಲಿನಲ್ಲಿ ಸಿಲ್ವರ್ ಮರಕ್ಕೆ ಒರಗಿಸಿದ ಅಲ್ಯೂಮಿನಿಯಂ ಏಣಿ ಮುರಿದರೂ, ಲೋಡ್ ಪಿಕಪ್‌ನ ಪ್ಲೇಟ್ ಕಟ್ಟಾದರೂ ಬರುವ ಮಾತು ಒಂದೇ: 'ನಿನ್ನೆ ತನಕ ಚೆನ್ನಾಗೇ ಇತ್ತಲ್ಲ!' ಕಾರಣ ಹಲವು ಸಲ ನಿನ್ನೆಯದಲ್ಲ, ವರ್ಷಗಳದ್ದು. ಇದನ್ನೇ ಲೋಹದ ದಣಿವು ಅನ್ನುತ್ತಾರೆ.

ಬೈಂಡಿಂಗ್ ವೈರನ್ನು ಒಂದೇ ಜಾಗದಲ್ಲಿ ಆಚೆ ಈಚೆ ಬಗ್ಗಿಸಿ ನೋಡಿ. ಮೊದಲು ಆ ಜಾಗ ಗಡುಸಾಗುತ್ತದೆ. ಲೋಹದೊಳಗಿನ ಪರಮಾಣುಗಳ ಸಾಲಿನಲ್ಲಿರುವ ಓರೆಕೋರೆಗಳು ಹೆಚ್ಚಿ, ಒಂದಕ್ಕೊಂದು ಸಿಕ್ಕುಬೀಳುವುದೇ ಇದಕ್ಕೆ ಕಾರಣ. ಆಮೇಲೆ ಬಿರುಕು ಬಿಟ್ಟು ತುಂಡಾಗುತ್ತದೆ.

ಏಣಿ, ಪ್ಲೇಟ್ ಬಾಗುವುದು ಸ್ವಲ್ಪವೇ, ಆದರೆ ಸಾವಿರ, ಲಕ್ಷ ಸಲ. ಚಾರ್ಮಾಡಿ ಘಾಟಿ ಇಳಿಯುವ ಗಾಡಿಯ ಪ್ಲೇಟ್ ಒಂದೊಂದು ಗುಂಡಿಗೂ ಬಾಗಿ ಏಳುತ್ತದೆ. ತೂತು, ವೆಲ್ಡಿಂಗ್, ಗೀರು, ತುಕ್ಕು ಇರುವಲ್ಲೇ ಬಿರುಕು ಹುಟ್ಟುವುದು ಹೆಚ್ಚು. ಯೂ ಬೋಲ್ಟ್ ಸಡಿಲವಾದರೆ ಸೆಂಟರ್ ಬೋಲ್ಟಿನ ತೂತಿನ ಬಳಿ ಪ್ಲೇಟ್ ಕಟ್ಟಾಗುವುದು ಅದಕ್ಕೇ. ಲೋಡ್ ದುಪ್ಪಟ್ಟಾದರೆ ಆಯುಷ್ಯ ಅರ್ಧಕ್ಕಲ್ಲ, ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ.

1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಹತ್ತಿರ ರೈಲು ಇಂಜಿನ್ನಿನ ಆಕ್ಸಲ್ ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲು ಆಕ್ಸಲ್‌ಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಒಂದು ಮಿತಿಯೊಳಗಿನ ಭಾರವನ್ನು ಉಕ್ಕು ಎಷ್ಟು ಸಲವಾದರೂ ತಡೆಯುತ್ತದೆ ಎಂದು ತೋರಿಸಿದರು. ಆದರೆ ಮಲೆನಾಡಿನ ಮಳೆಗೆ ತುಕ್ಕು ಹಿಡಿದರೆ ಆ ಮಿತಿ ನಂಬುವ ಹಾಗಿಲ್ಲ. ಅಲ್ಯೂಮಿನಿಯಂಗಂತೂ ಅಂಥ ಮಿತಿಯೇ ಇಲ್ಲ. ಹಗುರ ಭಾರವೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕೊಯ್ಲಿಗೆ ಮೊದಲು ಏಣಿಯ ಮೆಟ್ಟಿಲು ಸೇರುವ ಜಾಗಗಳನ್ನು ಒರೆಸಿ, ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಎಣ್ಣೆ ಹೊರಬಂದು ಪುಡಿಯಲ್ಲಿ ಗೆರೆ ಮೂಡುತ್ತದೆ. ಗೆರೆ ಕಂಡ ಏಣಿಗೆ ವೆಲ್ಡಿಂಗ್ ಹೊಡೆಸಿ ಆಳು ಹತ್ತಿಸಬೇಡಿ. ವೆಲ್ಡಿಂಗ್ ಬಿಸಿಗೆ ಪಕ್ಕದ ಅಲ್ಯೂಮಿನಿಯಂ ಇನ್ನಷ್ಟು ಮೆತ್ತಗಾಗುತ್ತದೆ. ಗೆರೆ ಕಾಣದಿದ್ದರೂ ಬಾಗಿದ, ಜಜ್ಜಿದ ಏಣಿಯನ್ನು ನಂಬಬೇಡಿ. ಅಂಥದ್ದು ಗುಜರಿಗೆ ಹೋಗಲಿ. ಹೊಸ ಏಣಿ ಅಂಗಡಿಯಲ್ಲಿ ಸಿಗುತ್ತದೆ, ಮುರಿದ ಸೊಂಟ ಸುಲಭಕ್ಕೆ ಸರಿಹೋಗುವುದಿಲ್ಲ.