ಬೆಂದ್ರು ತೀರ್ಥ

ಬಿಸಿನೀರಿನ ಬುಗ್ಗೆಯೆಂದೊಡನೆ ಸಾಹಿತ್ಯಾಸಕ್ತರಿಗೆ ಜಪಾನು ನೆನಪಾಗುವುದು ಸಹಜ. ೧೯೬೮ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕವಾಬಾತಾ ಅವರ ‘ಹಿಮದ ನಾಡು’ ಕಾದಂಬರಿಯ ಕಥೆ ನಡೆಯುವುದೇ ಅಂಥ ಬುಗ್ಗೆಯ ಊರೊಂದರಲ್ಲಿ. ಆ ದೂರದ ಬುಗ್ಗೆಗಳನ್ನು ಪುಸ್ತಕದಲ್ಲಿ ಎಂದೋ ಕಂಡಿದ್ದ ನನಗೆ ನಮ್ಮ ನಾಡಿನದೇ ಒಂದನ್ನು ಕಾಣಲು ಅರವತ್ತು ವರ್ಷ ದಾಟಬೇಕಾಯಿತು.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನಲ್ಲಿ ಇರ್ದೆ ಎಂಬ ಗ್ರಾಮವಿದೆ. ಅಲ್ಲಿ ಸೀರೆ ಹೊಳೆಯ ಬದಿಯಲ್ಲಿ, ಅಡಕೆ ತೋಟಗಳ ನಡುವೆ, ಬೆಂದ್ರು ತೀರ್ಥವಿದೆ. ಆ ಹೆಸರೇ ನನ್ನನ್ನು ಮೊದಲು ಸೆಳೆದದ್ದು. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ಹಳಗನ್ನಡದ ‘ಬೆನ್ನೀರ್’, ತಮಿಳಿನ ‘ವೆನ್ನೀರ್’ ಇದರ ಒಡಹುಟ್ಟುಗಳು. ‘ಬೇ’ ಎಂಬ ಧಾತುವಿಗೆ ‘ನೀರ್’ ಸೇರಿ ಆದ ಮಾತಿದು.

ತುಳುನಾಡಿನಲ್ಲಿ ಜ್ವಾಲಾಮುಖಿಗಳಿಲ್ಲ. ಹಾಗಾದರೆ ಈ ಬಿಸಿ ಎಲ್ಲಿಯದು? ಭೂಮಿಯೊಳಕ್ಕೆ ಒಂದು ಕಿಲೋಮೀಟರು ಇಳಿದರೆ ಉಷ್ಣತೆ ಸುಮಾರು ೨೫ರಿಂದ ೩೦ ಡಿಗ್ರಿ ಏರುತ್ತದೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಅಲ್ಲಿ ಕಾದು, ಮತ್ತೊಂದು ಬಿರುಕಿನ ದಾರಿಯಲ್ಲಿ ತಣಿಯುವ ಮೊದಲೇ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. ಕೊಂಕಣದ ವಜ್ರೇಶ್ವರಿ, ಗಣೇಶಪುರಿಗಳಲ್ಲಿ ಉಕ್ಕುವ ನೀರಿನ ಬಿಸಿಯೂ ಭೂಗರ್ಭದ್ದೇ. ಕೆಲವು ಬುಗ್ಗೆಗಳ ಗಂಧಕದ ವಾಸನೆ ಬರುವುದು ಆಳದ ಬಂಡೆಗಳ ಸಹವಾಸದಿಂದ.

ಬೆಂದ್ರು ತೀರ್ಥದ ನೀರು ಹಿಂದೆಯೂ ಕುದಿಯುತ್ತಿದ್ದುದಲ್ಲ. ಮೈಯ ಬಿಸಿಯ ಆಸುಪಾಸಿನದು, ಮೀಯಲು ಹಿತವಾದದ್ದು. ಇಷ್ಟು ಬಿಸಿಗೆ ನೀರು ಬಹಳ ಆಳಕ್ಕೆ ಹೋಗಬೇಕಿಲ್ಲ. ಅರ್ಧ ಕಿಲೋಮೀಟರು, ಅದಕ್ಕಿಂತ ತುಸು ಹೆಚ್ಚು ಸಾಕು. ಅಪಾಯವಿರುವುದೂ ಇಲ್ಲಿಯೇ. ಸಾವಿರ ಅಡಿಯ ಕೊಳವೆ ಬಾವಿಯೆಂದರೆ ಮುನ್ನೂರು ಮೀಟರು. ಅದು ಇದೇ ಬಿರುಕುಗಳ ಜಾಲವನ್ನು ಮುಟ್ಟಬಲ್ಲದು. ಒತ್ತಡ ಕುಗ್ಗಿದರೆ ಬಿಸಿನೀರು ಮೇಲೇರದು, ಏರಿದರೂ ತಣ್ಣೀರಿನೊಡನೆ ಬೆರೆತೀತು.

ನಾನು ಕೊಳದಲ್ಲಿ ಕೈಯಿಟ್ಟಾಗ ನೀರು ಉಗುರುಬೆಚ್ಚಗೂ ಇರಲಿಲ್ಲ. ಬಳಿಯಲ್ಲಿದ್ದ ಹಿರಿಯರೊಬ್ಬರು, “ನಮ್ಮ ಬಾಲ್ಯದಲ್ಲಿ ಚಳಿಗಾಲದ ಬೆಳಗ್ಗೆ ಹಬೆ ಕಾಣುತ್ತಿತ್ತು. ತೋಟಗಳಿಗೆ ಬೋರು ಬಂದ ಮೇಲೆ ಬಿಸಿ ಇಳಿಯಿತು” ಎಂದರು. ಅವರಿಗೂ ಅಡಕೆ ತೋಟವಿತ್ತು. ತೋಟ ಒಣಗಲಿ ಎಂದು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಜಪಾನಿನಲ್ಲಿ ಈ ಇಕ್ಕಟ್ಟಿಗೆ ೧೯೪೮ರಲ್ಲಿಯೇ ಒಂದು ಕಾನೂನು ಬಂದಿತು. ನೆಲದಿಂದ ಬರುವ ನೀರು ೨೫ ಡಿಗ್ರಿ ಇದ್ದರೂ ಸಾಕು, ಅಲ್ಲಿ ಅದು ಬಿಸಿನೀರಿನ ಬುಗ್ಗೆಯೇ. ಆ ಲೆಕ್ಕದಲ್ಲಿ ನಮ್ಮ ಕರಾವಳಿಯ ಎಷ್ಟೋ ಬಾವಿಗಳೂ ತೀರ್ಥಗಳಾದಾವು! ಆದರೆ ಅದೇ ಕಾನೂನಿನಂತೆ ಬುಗ್ಗೆಗಾಗಿ ನೆಲ ಕೊರೆಯಲು ಪ್ರಾಂತದ ಗವರ್ನರರ ಅನುಮತಿ ಬೇಕು. ನೆರೆಯ ಬುಗ್ಗೆಗೆ ಹಾನಿಯಾಗುವಂತಿದ್ದರೆ ಅದು ದೊರೆಯದು.

ನಾನಿರುವುದು ಬೆಂಗಳೂರಿನ ಅಂಚಿನ ಸಿಂಗಸಂದ್ರದಲ್ಲಿ. ‘ಸಂದ್ರ’ವೆಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಕೆರೆಯ ಹೆಸರು ಹೊತ್ತ ಊರಿನಲ್ಲಿ ಕುಳಿತು ನಾವೂ ಕೊಳವೆ ಬಾವಿಯ ನೀರನ್ನೇ ಕುಡಿಯುತ್ತೇವೆ. ಆದ್ದರಿಂದ ಇರ್ದೆಯವರಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಊಟೆಯ ಸುತ್ತ ಕೆಲವು ಎಕರೆಗಳಲ್ಲಿ ನೆಲ ಕೊರೆಯದೆ ಬಿಟ್ಟು, ಆ ತೋಟಗಳಿಗೆ ಹೊಳೆಯ ನೀರನ್ನು ಒದಗಿಸುವುದು ನಾಡಿಗೆ ಭಾರವಾದ ಕೆಲಸವಲ್ಲ. ಹಾಗಾಗದಿದ್ದರೆ ‘ಬೆಂದ್ರ್’ ಎಂಬುದಕ್ಕೆ ಅರ್ಥವನ್ನು ನಿಘಂಟಿನಲ್ಲಿ ಮಾತ್ರ ಹುಡುಕಬೇಕಾದೀತು.