ಸುತ್ತಿನೊಳಗಿನ ಕೆಂಪು ಚುಕ್ಕೆ

ಸಂಜೆ ನಾಲ್ಕಾದರೂ ಲೋಕಿಕೆರೆಯಲ್ಲಿ ಚೈತ್ರದ ಬಿಸಿಲು ಇಳಿದಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ತಗಡನ್ನು ದುಂಡಗೆ ಬಾಗಿಸಿ ಕಟ್ಟಿದ ಮೂರಡಿ ಅಗಲದ ಸುತ್ತು. ತಳದಲ್ಲಿ ಭತ್ತದ ಹೊಟ್ಟು, ಮೇಲೆ ಜಂತಿಯಿಂದ ಇಳಿಬಿಟ್ಟ ಬಲ್ಬು. ನಡುವೆ ಎರಡು ವಾರ ತುಂಬಿದ 40 ಗಿರಿರಾಜ ಪಿಳ್ಳೆಗಳು. ಹೂವಿನಂಥ ತುಪ್ಪುಳು ಉದುರಿ ರೆಕ್ಕೆಯಲ್ಲೂ ಬಾಲದಲ್ಲೂ ಗರಿಯ ಕಡ್ಡಿಗಳು ಮೂಡುವ ಕಾಲ. ಅತ್ತ ಮರಿಯೂ ಅಲ್ಲ, ಇತ್ತ ಕೋಳಿಯೂ ಅಲ್ಲ.

ಚಿಂವ್‌ಗುಟ್ಟುವ ಗದ್ದಲದ ನಡುವೆ ಒಂದು ದನಿ ಮಾತ್ರ ಬೇರೆ, ಉದ್ದಕ್ಕೆ ಎಳೆದು ಚೀರುವಂಥದ್ದು. ತಗಡಿಗೆ ಒತ್ತಿಕೊಂಡು ನಿಂತಿದ್ದ ಆ ಪಿಳ್ಳೆಯ ಬಾಲದ ಬುಡದಲ್ಲಿ ಸಾಸಿವೆಯಷ್ಟು ರಕ್ತ. ಒಂದು ಬಂದು ಕುಕ್ಕಿತು. ಅದನ್ನು ನೋಡಿ ಇನ್ನೊಂದು. ಅವುಗಳ ಮುಖದಲ್ಲಿ ಸಿಟ್ಟಿರಲಿಲ್ಲ. ನುಚ್ಚು ಹೆಕ್ಕುವಾಗ ಹೇಗಿರುತ್ತವೋ ಹಾಗೇ ಇದ್ದವು. ನೋಡುವವರ ಎದೆ ಜುಮ್ಮೆನ್ನುವುದು ಅದಕ್ಕೇ.

‘ಅಜ್ಜೀ, ಕೊಂದೇ ಹಾಕ್ತಾವು ನೋಡು!’ ಮೊಮ್ಮಗ ಕೋಲು ಎತ್ತಿಕೊಂಡ.

‘ಬಡಿಬ್ಯಾಡೋ ತಮ್ಮಾ, ಅವಕ್ಕೇನು ಗೊತ್ತೈತಿ. ಮೊದ್ಲು ಆ ಲೈಟ್ ಆರ್ಸು.’

ಬಲ್ಬು ಆರಿದ್ದೇ ಅರ್ಧ ಗದ್ದಲ ತಗ್ಗಿತು. ಮೊದಲ ವಾರ ಪಿಳ್ಳೆಗೆ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಬರಬೇಕು. ಬೇಸಿಗೆಯ ಹಗಲು ದಾವಣಗೆರೆ ಸೀಮೆಯಲ್ಲಿ ಆ ಶಾಖವನ್ನು ಸೂರ್ಯನೇ ಬಿಟ್ಟಿಯಾಗಿ ಕೊಡುವಾಗ ಬಲ್ಬಿಗೇನು ಕೆಲಸ? ಚಳಿಯಾದರೆ ಪಿಳ್ಳೆಗಳು ದೀಪದಡಿ ಗುಂಪುಗಟ್ಟುತ್ತವೆ, ಸೆಕೆಯಾದರೆ ಅಂಚಿಗೆ ಸರಿದು ಬಾಯಿ ತೆರೆಯುತ್ತವೆ. ಇಲ್ಲಿ ಎಲ್ಲವೂ ಅಂಚಿಗೇ ಇದ್ದವು. ಸೆಕೆ, ಇಕ್ಕಟ್ಟು, ಕಣ್ಣು ಕುಕ್ಕುವ ಬೆಳಕು: ಮೂರೂ ಕೂಡಿದಲ್ಲಿ ಕೊಕ್ಕು ಪಕ್ಕದ ಮೈಮೇಲೆ ಹೋಗುತ್ತದೆ. ಒಮ್ಮೆ ಕೆಂಪು ಕಂಡರಂತೂ ತಡೆಯುವುದು ಕಷ್ಟ.

ಗಾಯಾಳುವನ್ನು ಅಜ್ಜಿ ಸೆರಗಿನಲ್ಲಿ ಎತ್ತಿಕೊಂಡರು. ಗಾಯ ತೊಳೆದು, ಮೆಡಿಕಲ್ ಶಾಪಿನಿಂದ ತಂದಿಟ್ಟಿದ್ದ ನೀಲಿ ಔಷಧ ಹಚ್ಚಿದರು. ಔಷಧಕ್ಕೆ ಔಷಧ, ಕೆಂಪನ್ನು ಮರೆಮಾಡುವ ಬಣ್ಣಕ್ಕೆ ಬಣ್ಣ.

ತಗಡಿನ ಕಟ್ಟು ಬಿಚ್ಚಿ, ಇನ್ನೊಂದು ತಗಡು ಸೇರಿಸಿ ಸುತ್ತನ್ನು ಐದಡಿಗೆ ಹಿಗ್ಗಿಸಲಾಯಿತು. ಎರಡಡಿಯಲ್ಲಿ ಏನಾದೀತು ಎನ್ನಬೇಡಿ. ಏಳು ಚದರಡಿ ಇದ್ದದ್ದು ಹತ್ತಿರಹತ್ತಿರ ಇಪ್ಪತ್ತಾಗುತ್ತದೆ, ಒಂದೊಂದಕ್ಕೆ ಅರ್ಧ ಚದರಡಿ ಸಿಗುತ್ತದೆ. ಅದರೊಳಗೇ ಒಂದು ಮಂಕರಿ ಕವುಚಿ ನೀಲಿ ಬಾಲದ ಪಿಳ್ಳೆಯನ್ನು ಕೂರಿಸಿದರು. ದೂರ ಒಯ್ದಿಟ್ಟರೆ ಮರಳಿ ಬಿಡುವಾಗ ಹೊಸಬನೆಂದು ಮತ್ತೆ ಮುಗಿಬೀಳುತ್ತವೆ. ಕಣ್ಣಿಗೆ ಕಾಣುತ್ತ, ಕೊಕ್ಕಿಗೆ ಸಿಗದಂತೆ ಇರಬೇಕು.

ಕೋಳಿ ತುಳಿದರೆ ಮರಿ ಸಾಯದು ಎಂಬ ಗಾದೆ ನಮ್ಮದು. ತಾಯಿ ಇದ್ದ ಕಾಲದ ಗಾದೆ. ಅಂಗಳದಾಚೆ ತಿಪ್ಪೆಯ ಮೇಲೆ ನಾಟಿ ಹ್ಯಾಟೆಯೊಂದು ತನ್ನ ಏಳು ಮರಿಗಳಿಗೆ ಕೆರೆದು ಹೆಕ್ಕುವುದನ್ನು ತೋರಿಸುತ್ತಿತ್ತು: ಎರಡು ಕೆರೆತ, ಹಿಂದಕ್ಕೊಂದು ಹೆಜ್ಜೆ, ಕೊಕ್‌ಕೊಕ್ ಎಂಬ ಕರೆ, ಏಳೂ ಕೊಕ್ಕುಗಳು ಒಂದೇ ಹುಳಕ್ಕೆ. ಯಂತ್ರದಲ್ಲಿ ಒಡೆದು ಬಂದ ನಲವತ್ತಕ್ಕೆ ಯಾರು ಕೆರೆದು ತೋರಿಸಬೇಕು? ಗಿರಿರಾಜ ನಮ್ಮ ಹೆಬ್ಬಾಳದ್ದೇ ತಳಿ, ಹಿತ್ತಲಿಗೆಂದೇ ಬಂದದ್ದು. ಆದರೂ ಕೊಕ್ಕಿಗೆ ಕೆಲಸ ಬೇಕು.

1921ರಲ್ಲಿ ನಾರ್ವೆಯ ಶೆಲ್ಡರಪ್-ಎಬ್ಬೆ ಎಂಬಾತ ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬೇಕೆಂಬ ಮೇಲುಕೀಳಿನ ಸಾಲು ಇರುವುದನ್ನು ಬರೆದಿಟ್ಟ. ಅದು ಬಲಿತ ಕೋಳಿಗಳ ಪಂಕ್ತಿ. ತಲೆಗೊಂದು ಕುಕ್ಕು, ಅಲ್ಲಿಗೆ ವ್ಯಾಜ್ಯ ಮುಗಿಯಿತು. ಬಾಲದ ಬುಡ ಹುಡುಕಿ ಕುಕ್ಕುವ ಈ ಚಟಕ್ಕೆ ಮೇಲುಕೀಳಿನ ಲೆಕ್ಕ ಹಚ್ಚಬಾರದು. ಇದು ಬೇಸರ, ಜೊತೆಗೆ ಅರೆಹಸಿವು.

ಅರೆಹಸಿವು ಅಂದದ್ದೇಕೆಂದರೆ, ತಟ್ಟೆಯಲ್ಲಿದ್ದದ್ದು ಬರೀ ಮೆಕ್ಕೆಜೋಳದ ನುಚ್ಚು. ಮನೆಯ ಕಣದಲ್ಲೇ ರಾಶಿ ಇರುವಾಗ ಪೇಟೆಯ ಫೀಡ್ ಯಾಕೆ ಅಂತ ಅಜ್ಜಿಯ ಮಗ ಉಳಿತಾಯ ಮಾಡಿದ್ದ. ಹೊಟ್ಟೆ ತುಂಬಿತು, ಗರಿಗೆ ಸಾಲಲಿಲ್ಲ. ಮೆಕ್ಕೆಜೋಳದಲ್ಲಿ ಪ್ರೋಟೀನು ನೂರಕ್ಕೆ ಒಂಬತ್ತರಷ್ಟು, ಈ ವಯಸ್ಸಿಗೆ ಬೇಕಾದ್ದು ಇಪ್ಪತ್ತರ ಸುಮಾರು. ಗರಿ ಕಟ್ಟುವ ಮೆಥಿಯೊನಿನ್ ಕಡಿಮೆಯಾದರೆ, ಉಪ್ಪು ತಪ್ಪಿದರೆ, ಪಕ್ಕದ ಗರಿಯನ್ನೇ ಕಿತ್ತು ತಿನ್ನುತ್ತವೆ. ‘ನಾಳೆ ದಾವಣಗೇರಿಗೆ ಹೋದಾಗ ಸ್ಟಾರ್ಟರ್ ಚೀಲ ತಗಂಡ್ ಬಾ’ ಎಂದು ಅಜ್ಜಿ ಅಲ್ಲಿಂದಲೇ ಕೂಗಿದರು.

ದೊಡ್ಡ ಲೇಯರ್ ಶೆಡ್ಡುಗಳಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ವಾರದ ಮರಿಯ ಕೊಕ್ಕಿನ ತುದಿಯನ್ನು ಕಾಯ್ದ ಅಲಗಿಗೆ ಕೊಟ್ಟುಬಿಡುತ್ತಾರೆ. ಸಾವಿರಗಟ್ಟಲೆ ಸಾಕುವವರ ಕಷ್ಟ ಅವರಿಗೇ ಗೊತ್ತು. ನಲವತ್ತಕ್ಕೆ ಅದು ನನಗೆ ಸೋಮಾರಿತನವೆನಿಸುತ್ತದೆ. ಅಮೆರಿಕದಲ್ಲಿ 1903ರಲ್ಲಿ ಒಬ್ಬಾತ ಕುಕ್ಕಾಟದಿಂದ ಕಾಪಾಡಲೆಂದು ಕೋಳಿಗೆ ಕನ್ನಡಕ ತೊಡಿಸಲು ಪೇಟೆಂಟನ್ನೇ ಪಡೆದಿದ್ದ. ಅಜ್ಜಿಗೆ ಹೇಳಿದೆ. ‘ನನಗಾ ಕನ್ನಡಕಿಲ್ಲ, ಕೋಳಿಗೆ ಹಾಕ್ತಾರಂತ’ ಎಂದು ಹಿತ್ತಲಿಗೆ ನಡೆದರು.

ಬರುವಾಗ ಕೈಯಲ್ಲಿ ನುಗ್ಗೆಸೊಪ್ಪಿನ ಕಟ್ಟು. ಪಿಳ್ಳೆಗಳ ತಲೆಗಿಂತ ತುಸು ಎತ್ತರಕ್ಕೆ, ಕತ್ತು ಚಾಚಿದರೆ ಎಟುಕುವಂತೆ, ಜಂತಿಯಿಂದ ಇಳಿಬಿಟ್ಟರು. ಒಂದು ನಿಮಿಷ ಎಲ್ಲವೂ ಹೆದರಿ ಸುಮ್ಮನಾದವು. ಆಮೇಲೆ ಒಂದು ಹಾರಿ ಎಲೆಯೊಂದನ್ನು ಕಿತ್ತಿತು. ಅದನ್ನು ಕಸಿಯಲು ನಾಲ್ಕು ಓಡಿದವು. ಸುತ್ತಿನ ತುಂಬ ಓಟ, ಜಿಗಿತ, ಹೊಟ್ಟಿನ ದೂಳು.

ಮಂಕರಿಯೊಳಗಿನ ಪಿಳ್ಳೆ ಎದ್ದು ನಿಂತಿತ್ತು. ಸಂದಿನಿಂದ ಕೊಕ್ಕು ಹೊರಗೆ ಹಾಕಿ, ಉದುರಿದ ಎಲೆಯೊಂದನ್ನು ಮೆಲ್ಲಗೆ ಒಳಗೆಳೆದುಕೊಂಡಿತು.