ಮೊದಲ ವಿಡಿಯೊ ಕ್ಯಾಮೆರಾ: ಕೊಳ್ಳುವ ಮುನ್ನ

1856ರಲ್ಲಿ ಹಂಪಿಯ ಛಾಯಾಚಿತ್ರ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾಗೆ ಒಂದೊಂದು ಚಿತ್ರಕ್ಕೂ ದೊಡ್ಡದೊಂದು ಕಾಗದದ ನೆಗೆಟಿವ್ ಬೇಕಿತ್ತು. ಇಂದು ಹೊಸಪೇಟೆಯ ಹುಡುಗನ ಜೇಬಿನ ಮೊಬೈಲು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ!

ಆದರೂ ಮಕ್ಕಳು 4ಕೆ ಕ್ಯಾಮೆರಾಕ್ಕೆ ಹಟ ಹಿಡಿಯುತ್ತಾರೆ. ಪಾಲಕರು ಸಾಲ ಮಾಡುವ ಮುನ್ನ ಒಂದು ಲೆಕ್ಕ ನೋಡಲಿ. 4ಕೆಯ ಒಂದು ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳು. ಫುಲ್ ಎಚ್‌ಡಿಯ ನಾಲ್ಕರಷ್ಟು. ಸಂಕಲನಕ್ಕೆ ಕುಳಿತಾಗ ಮನೆಯ ಹಳೆಯ ಕಂಪ್ಯೂಟರು ಏದುಸಿರು ಬಿಡುವುದು ಇದರಿಂದಲೇ. ಕಲಿಯುವವರಿಗೆ ಮೊಬೈಲಿನ ಫುಲ್ ಎಚ್‌ಡಿ ಧಾರಾಳ ಸಾಕು.

ಹಣ ಹಾಕುವುದಾದರೆ ಮೈಕಿಗೆ ಹಾಕಲಿ, ಅದಕ್ಕೊಂದು ಸ್ಪಂಜಿನ ಟೊಪ್ಪಿಗೆಯೂ ಇರಲಿ. ಕಂಪ್ಲಿಯ ಹೊಳೆದಂಡೆಯಲ್ಲಿ ಗಾಳಿ ಮಾತನ್ನೇ ನುಂಗಿಬಿಡುತ್ತದೆ. ಸಂಡೂರಿನ ಕೆಂಪು ದೂಳು ಕೂತ ಲೆನ್ಸನ್ನು ಅಂಗಿಯಿಂದ ಒರೆಸಿದರೆ ಗೀರು ಬೀಳುತ್ತದೆ. ಟ್ರೈಪಾಡ್ ಒಳ್ಳೆಯದೇ, ಹಂಪಿಯ ಸಂರಕ್ಷಿತ ಸ್ಮಾರಕಗಳಲ್ಲಿ ಮಾತ್ರ ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಸಂಕಲನಕ್ಕೆ ಕೆಡೆನ್‌ಲೈವ್, ಓಪನ್‌ಶಾಟ್ ತಂತ್ರಾಂಶಗಳು ಉಚಿತ. ಹತ್ತು ನಿಮಿಷ ಚಿತ್ರಿಸಿದ್ದನ್ನು ಒಂದು ನಿಮಿಷಕ್ಕೆ ಇಳಿಸಿ ನೋಡಲಿ. ಅದಕ್ಕೂ ಬೇಸರಪಡದ ಮಕ್ಕಳಿಗೆ ಕ್ಯಾಮೆರಾ ಕೊಡಿಸಬಹುದು.